ಎಡಗಾಲು ಒಪ್ಪುವ ತನಕ

ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯವರೇ. ಒಂಬತ್ತನೇ ತಿಂಗಳ ತಪಾಸಣೆಗೆ ಬೆಂಗಳೂರಿಗೆ ಹೋದಾಗ ನನ್ನ ಎಡ ಮೊಣಕಾಲನ್ನು ಮಡಿಸಿ, ಎಳೆದು, ಪಕ್ಕಕ್ಕೆ ಒತ್ತಿ ನೋಡಿ, "ಚೆನ್ನಾಗಿ ಕೂತಿದೆ" ಅಂದರು. ನನಗೆ ಬೇಕಾಗಿದ್ದದ್ದು ಇನ್ನೊಂದು ಉತ್ತರ.

"ಸರ್, ಯಾವಾಗಿಂದ ಆಡಬಹುದು?" ಎಂದು ಕೇಳಿದೆ.

"ಏನು ಆಡ್ತೀರಿ?"

"ಕಬಡ್ಡಿ ಸರ್."

ಅವರು ಫೈಲಿನ ಮೇಲಿದ್ದ ನನ್ನ ವಯಸ್ಸು ನೋಡಿದರು. ಮೂವತ್ತಾರು. "ಆಫೀಸಿಗೆ ಹೋಗ್ತಿದ್ದೀರ, ಮೆಟ್ಟಿಲು ಹತ್ತಿ ಇಳೀತೀರ, ಮನೆ ಕೆಲಸ ಮಾಡ್ಕೋತೀರ. ಇನ್ನೇನಮ್ಮ ಬೇಕು?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಉತ್ತರ ಕೊಡುವ ಮೊದಲೇ, ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಮ್ಮತ್ತೆ ಬಾಯಿ ಹಾಕಿದರು.

"ಅವಳು ಆಟ ಆಡೋಳು ಸ್ವಾಮಿ. ಆಡಲಿ ಅಂತಾನೇ ಅಲ್ವಾ ಕಾಲು ಕುಯ್ಸಿದ್ದು?"

ಡಾಕ್ಟರು ನಕ್ಕರು. "ಹಾಗಾದ್ರೆ ಬರೀ ತಿಂಗಳು ಎಣಿಸಿದ್ರೆ ಆಗಲ್ಲ. ಫಿಸಿಯೋಥೆರಪಿ ಅವರ ಹತ್ರ ಸರಿಯಾಗಿ ಟೆಸ್ಟ್ ಮಾಡಿಸಿ. ಅವರು ಸೈ ಅಂದ್ರೆ ಆಡಿ" ಎಂದು ಚೀಟಿ ಬರೆದುಕೊಟ್ಟರು.

ಆ ಮಾತು ನಮ್ಮತ್ತೆ ವೆಂಕಟಮ್ಮನ ಬಾಯಿಂದ ಬಂತು ಅನ್ನುವುದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯಬೇಕಾದರೆ ಮೊದಲಿಂದ ಹೇಳಬೇಕು.

ನಾನು ಗೌರಿಬಿದನೂರಿನ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಹುಟ್ಟಿದ್ದು ಚಿಂತಾಮಣಿ ಕಡೆ, ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ. ಹೈಸ್ಕೂಲಿನಲ್ಲಿ ಹಿಡಿದ ಕಬಡ್ಡಿ ಹುಚ್ಚು ಡಿಗ್ರಿ ಮುಗಿದರೂ ಬಿಡಲಿಲ್ಲ. ಮದುವೆಯಾಯಿತು, ಕೆಲಸ ಸಿಕ್ಕಿತು, ಮಗಳು ಧಾತ್ರಿ ಹುಟ್ಟಿದಳು. ಮಧ್ಯೆ ಆರು ವರ್ಷ ಆಟ ನಿಂತಿತ್ತು. ಆಮೇಲೆ ಸರ್ಕಾರಿ ನೌಕರರ ಕ್ರೀಡಾಕೂಟಕ್ಕೆ ನಮ್ಮ ತಾಲೂಕಿನ ಹೆಂಗಸರ ತಂಡ ಕಟ್ಟಿದಾಗ ನಾನೇ ಹೋಗಿ ಹೆಸರು ಬರೆಸಿದೆ. ತಂಡದ ಕ್ಯಾಪ್ಟನ್ ಪುಷ್ಪಕ್ಕ, ಹೈಸ್ಕೂಲಿನ ಪಿ.ಟಿ. ಟೀಚರ್. ಮೊದಲ ದಿನ ನನ್ನ ರೈಡ್ ನೋಡಿ, "ಇಷ್ಟು ದಿನ ಎಲ್ಲಿ ಅಡಗಿದ್ದೆ ಕಣೇ ಶಶಿ?" ಅಂದಿದ್ದರು. ಆ ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದ್ದೆ.

ನಾಲ್ಕನೇ ವರ್ಷದ ಕೂಟಕ್ಕೆ ಇನ್ನು ಹದಿನೈದು ದಿನವಿತ್ತು. ಸಂಜೆ ಹೈಸ್ಕೂಲ್ ಮೈದಾನದಲ್ಲಿ ಪ್ರಾಕ್ಟೀಸ್. ಎದುರಿನವಳನ್ನು ಮುಟ್ಟಿ, ಎಡಗಾಲೂರಿ ಮಧ್ಯದ ಗೆರೆಯ ಕಡೆ ತಿರುಗಿದೆ. ಯಾರೂ ನನ್ನನ್ನು ಹಿಡಿದಿರಲಿಲ್ಲ, ತಳ್ಳಿರಲಿಲ್ಲ. ಮೊಣಕಾಲಿನ ಒಳಗೆ ಟಕ್ ಅಂತ ಒಂದು ಸದ್ದು. ನನಗೊಬ್ಬಳಿಗೇ ಅಲ್ಲ, ಅಂಚಿನಲ್ಲಿ ನಿಂತಿದ್ದ ಪುಷ್ಪಕ್ಕನಿಗೂ ಅದು ಕೇಳಿಸಿತಂತೆ.

ಮನೆಗೆ ಆಟೋದಲ್ಲಿ ಕರೆತಂದಾಗ ಅತ್ತೆ ಬಾಗಿಲಲ್ಲೇ ಹಣೆ ಚಚ್ಚಿಕೊಂಡರು. ಅವರ ತವರು ಹಿಂದೂಪುರದ ಕಡೆ, ಬೇಜಾರಾದಾಗ ತೆಲುಗೇ ಬರೋದು. "ಏಂ ಕರ್ಮಮ್ಮಾ ಇದಿ! ಮಗಳು ಮೂರನೇ ಕ್ಲಾಸು ಓದ್ತಾವ್ಳೆ, ತಾಯಿ ಮಣ್ಣಲ್ಲಿ ಬಿದ್ದು ಹೊಳ್ಳಾಡ್ತಾಳೆ." ಲೈನ್‌ಮನ್ ಕೆಲಸ ಮಾಡುವ ನಮ್ಮ ಯಜಮಾನರು ನಾಗರಾಜ್ ಮಾತು ಕಡಿಮೆಯವರು. ಐಸ್ ತಂದು ಟವೆಲ್ಲಿನಲ್ಲಿ ಸುತ್ತಿ ಕಾಲಿಗಿಟ್ಟು, "ಅಮ್ಮ, ಈಗ ಬೈಬೇಡ, ಆಮೇಲೆ ಬೈಯಿ" ಅಂದರು.

ಮೂರು ವಾರ ನಾಟಿ ವೈದ್ಯರ ಹತ್ತಿರ ಪಟ್ಟಿ ಕಟ್ಟಿಸಿಕೊಂಡೆ. ಊತ ಇಳಿಯಿತು, ನೋವೂ ಇಳಿಯಿತು. ಸರಿಹೋಯಿತು ಎಂದುಕೊಂಡು ಕಚೇರಿಗೆ ಹೋದೆ. ಒಂದು ಮಧ್ಯಾಹ್ನ ಕಂದಾಯದ ಫೈಲುಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುವಾಗ, ಎಡಗಾಲು ನನ್ನದೇ ಅಲ್ಲವೇನೋ ಅನ್ನುವ ಹಾಗೆ ಪಕ್ಕಕ್ಕೆ ಜಾರಿತು. ಫೈಲು ಚೆಲ್ಲಾಪಿಲ್ಲಿ. ನಾನು ಕಂಬಿ ಹಿಡಿದು ಕೂತುಬಿಟ್ಟೆ. ಪಹಣಿ ತಿದ್ದಿಸಲು ಬಂದಿದ್ದ ಯಾರೋ ಅಜ್ಜಿ ಒಂದೊಂದೇ ಹಾಳೆ ಆರಿಸಿ, ಧೂಳು ಕೊಡವಿ ನನ್ನ ಪಕ್ಕ ಜೋಡಿಸಿಟ್ಟು, "ಎದ್ದೇಳಬೇಡ ತಾಯಿ, ನಿಧಾನ" ಅಂದಿತು. ಆ ಅಜ್ಜಿಯ ಹೆಸರು ಕೂಡ ನಾನು ಕೇಳಲಿಲ್ಲ.

ಸ್ಕ್ಯಾನ್ ಆಯಿತು. ಮೊಣಕಾಲಿನ ಒಳಗಿನ ಲಿಗಮೆಂಟು ಪೂರ್ತಿ ಹರಿದಿದೆ, ಆಪರೇಷನ್ ಬೇಕು ಅಂದರು. ಪೆಟ್ಟು ಬಿದ್ದ ಎರಡು ತಿಂಗಳಿಗೆ ಆಪರೇಷನ್ನೂ ಆಯಿತು. ಬಾಣಂತನದ ಹಾಗೆ ತವರಿಗೆ ಹೋಗಬೇಕೇನೋ ಎಂದು ನಾನು ಬಟ್ಟೆ ಜೋಡಿಸುತ್ತಿದ್ದರೆ ಅತ್ತೆ ಚೀಲ ಕಿತ್ತಿಟ್ಟರು. "ಕಾಲು ಕುಯ್ಸಿದ್ದು ನಮ್ಮನೆ ಸೊಸೆಗೆ. ಅವರ ಮನೇಲಿ ಯಾಕೆ ಬಿದ್ದಿರ್ಬೇಕು?" ಬೈಗುಳ ನಿಲ್ಲಲಿಲ್ಲ, ಕೈಕೆಲಸವೂ ನಿಲ್ಲಲಿಲ್ಲ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ಬೆಲ್ಟು ಹಾಕಿದ ಕಾಲಿಗೆ ನೀರು ತಾಗದ ಹಾಗೆ ಕವರು ಕಟ್ಟಿ, ತಲೆಗೆ ನೀರು ಹಾಕುವಾಗಲೂ "ಇನ್ನೊಂದ್ಸಲ ಆ ಮೈದಾನದ ಕಡೆ ಹೋಗು, ನೋಡ್ಕೋತೀನಿ" ಅನ್ನುತ್ತಿದ್ದರು.

ಬದಲಾಗಿದ್ದು ಯಾವಾಗ ಎಂದು ನನಗೆ ಗೊತ್ತು. ಎರಡನೇ ತಿಂಗಳು ಬೆಲ್ಟು ಬಿಚ್ಚಿದಾಗ ನನ್ನ ಎಡ ತೊಡೆ ಸೊರಗಿಹೋಗಿತ್ತು. ಬಲ ತೊಡೆಯ ಪಕ್ಕ ಅದು ಬೇರೆ ಯಾರದೋ ಕಾಲಿನ ಹಾಗಿತ್ತು. ನಾನು ನೋಡಿ ಅತ್ತುಬಿಟ್ಟೆ. ಅತ್ತೆ ಮನೆಯಲ್ಲೇ ರವಿಕೆ ಹೊಲಿಯುವವರು. ಮೆಷಿನ್ ಮೇಲಿದ್ದ ಟೇಪು ತಂದು ಎರಡೂ ತೊಡೆಯ ಸುತ್ತಳತೆ ತೆಗೆದರು. "ಒಂದೂವರೆ ಇಂಚು ಕಮ್ಮಿ" ಅಂದರು, ಯಾರದೋ ತೋಳಿನ ಅಳತೆ ಹೇಳುವಷ್ಟು ಸಲೀಸಾಗಿ. "ಅಳ್ತಾ ಕೂತ್ರೆ ತುಂಬ್ಕೊಳ್ಳುತ್ತಾ? ಆ ಹುಡುಗಿ ಏನೇನು ಮಾಡು ಅಂದವ್ಳೆ, ಮಾಡು." ಅವತ್ತಿಂದ ಪ್ರತಿ ಭಾನುವಾರ ಅಳತೆ. ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಲ್ಲಿ ಬರೆಯುತ್ತಿದ್ದರು. ಕಾಲಿಂಚು ತುಂಬಿದ ಭಾನುವಾರ ನನಗಿಂತ ಮೊದಲು ಅವರ ಮುಖ ಅರಳಿತು.

'ಆ ಹುಡುಗಿ' ಅಂದರೆ ಸಬೀಹಾ, ಚಿಕ್ಕಬಳ್ಳಾಪುರದಲ್ಲಿ ನನ್ನನ್ನು ನೋಡುತ್ತಿದ್ದ ಫಿಸಿಯೋಥೆರಪಿಸ್ಟ್. ಶಿಡ್ಲಘಟ್ಟದವಳು, ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಅವಳ ಕ್ಲಿನಿಕ್ಕು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೆಡಿಕಲ್ ಸ್ಟೋರಿನ ಮಾಳಿಗೆಯ ಮೇಲೆ. ಮೊಣಕಾಲು ನೋವಿನವರೆಲ್ಲ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಹೋಗಬೇಕು! ಹತ್ತುವವರು ಇಳಿಯುವವರನ್ನು "ಇನ್ನೆಷ್ಟು ದಿನ ಅಂದ್ರು?" ಎಂದು ಕೇಳುತ್ತಾರೆ. ಮಂಚೇನಹಳ್ಳಿ ದಾರಿಯ ಬಸ್ಸಿನಲ್ಲಿ ವಾರಕ್ಕೆರಡು ಸಲ ಹೋಗಿ ಬರುತ್ತಾ, ಆ ಮೆಟ್ಟಿಲಲ್ಲಿ ನನಗೆ ಎಷ್ಟೋ ಜನ ಪರಿಚಯವಾದರು. ಕಾಯುವ ಬೆಂಚಿನಲ್ಲಿ ಯಾರೂ ಯಾರಿಗೂ ಧೈರ್ಯ ಹೇಳುತ್ತಿರಲಿಲ್ಲ. ಕಾಲು ಎಷ್ಟು ಮಡಿಸುತ್ತದೆ ಎಂದು ಒಬ್ಬರಿಗೊಬ್ಬರು ಮಡಿಸಿ ತೋರಿಸುತ್ತಿದ್ದೆವು, ಅಷ್ಟೇ. ಅದೇ ಸಾಕಾಗುತ್ತಿತ್ತು.

ಡಾಕ್ಟರ ಚೀಟಿ ಹಿಡಿದು ಸಬೀಹಾ ಹತ್ತಿರ ಟೆಸ್ಟಿಗೆ ಹೋದದ್ದು ಹತ್ತನೇ ತಿಂಗಳಲ್ಲಿ. ಆ ವರ್ಷದ ಕೂಟಕ್ಕೆ ಸರಿಯಾಗಿ ಮೂರು ವಾರವಿತ್ತು. ಪುಷ್ಪಕ್ಕ ಆಗಲೇ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬರೆದಿದ್ದರು. ಇದೊಂದು ಶಾಸ್ತ್ರ, ಒಂದು ಸಹಿ ಎಂದುಕೊಂಡು ಹೋಗಿದ್ದೆ.

ಮೊದಲು ಒಂದು ಹಾಳೆ ಕೊಟ್ಟಳು. ಅದರ ತುಂಬ ಪ್ರಶ್ನೆಗಳು. ಆಡುವಾಗ ಮತ್ತೆ ಪೆಟ್ಟಾಗುತ್ತದೆ ಎಂದು ಭಯವಾಗುತ್ತಾ? ಮೊಣಕಾಲನ್ನು ಮರೆತು ಆಡಬಲ್ಲಿರಾ? ನಾನು ಪಟಪಟ ಬರೆದೆ. ಭಯ ಇಲ್ಲ. ಮರೆತು ಆಡಬಲ್ಲೆ. ಎಲ್ಲದಕ್ಕೂ ಅದೇ ಥರದ ಉತ್ತರ.

ಆಮೇಲೆ ಕೋಣೆಯ ನೆಲದ ಮೇಲೆ ಅಳತೆಯ ಟೇಪು ಅಂಟಿಸಿದ್ದ ಕಡೆ ನಿಲ್ಲಿಸಿದಳು. ಒಂಟಿ ಕಾಲಲ್ಲಿ ಹಾರಿ, ಅದೇ ಕಾಲಲ್ಲಿ ಇಳಿದು, ಅಲುಗದೆ ನಿಲ್ಲಬೇಕು. ಮೊದಲು ಬಲಗಾಲು, ಆಮೇಲೆ ಎಡಗಾಲು. ಒಂದು ಹಾರು, ಆಮೇಲೆ ಮೂರು ಹಾರು, ಆಮೇಲೆ ಗೆರೆ ದಾಟುತ್ತಾ ಅಡ್ಡಡ್ಡ. ಕುರ್ಚಿಯಲ್ಲಿ ಕೂರಿಸಿ ಒಂದು ಯಂತ್ರವನ್ನು ಕಾಲಿಗೆ ಕಟ್ಟಿ, "ಒದೀರಿ ಅಕ್ಕ, ಇನ್ನೂ ಜೋರಾಗಿ" ಅಂದಳು. ಕೊನೆಗೆ ಒಂದು ಪೆಟ್ಟಿಗೆಯ ಮೇಲಿಂದ ಧುಮುಕಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಬೆವರು ಕಣ್ಣಿಗಿಳಿಯುತ್ತಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ಬಹಳ ದಿನದ ಮೇಲೆ ಯಾರೋ ನನ್ನನ್ನು ರೋಗಿಯ ಹಾಗೆ ಅಲ್ಲದೆ ಆಟಗಾರ್ತಿಯ ಹಾಗೆ ದಣಿಸುತ್ತಿದ್ದರು.

ಸಬೀಹಾ ಲೆಕ್ಕ ಹಾಕಿ ಮುಗಿಸಿ, ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು.

"ಅಕ್ಕ, ಬಲಗಾಲು ಹತ್ತು ಪಾಲು ಮಾಡಿದ್ರೆ ಎಡಗಾಲು ಒಂಬತ್ತಾದ್ರೂ ಮಾಡಬೇಕು. ನಿಮ್ದು ಏಳೂವರೆ ಬಂದಿದೆ."

"ಇನ್ನು ಮೂರು ವಾರ ಇದೆಯಲ್ಲಮ್ಮ."

"ಮೂರು ವಾರದಲ್ಲಿ ಬರಲ್ಲ. ಅದಕ್ಕಿಂತ ಮುಖ್ಯವಾದದ್ದು ಇದು." ಮೊಬೈಲ್ ನನ್ನ ಕಡೆ ತಿರುಗಿಸಿ ವಿಡಿಯೋವನ್ನು ನಿಧಾನಕ್ಕೆ ಓಡಿಸಿದಳು. ಪೆಟ್ಟಿಗೆಯಿಂದ ಒಬ್ಬ ಹೆಂಗಸು ಧುಮುಕುತ್ತಾಳೆ. ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಬೇಕು. ಅವಳ ಬಲಗಾಲು ಮೊದಲು ಮುಟ್ಟುತ್ತದೆ, ಮೈಯೆಲ್ಲ ಬಲಕ್ಕೆ ವಾಲುತ್ತದೆ, ಎಡಗಾಲು ಆಮೇಲೆ ಬಂದು ನೆಲವನ್ನು ಸುಮ್ಮನೆ ಸೋಕುತ್ತದೆ. ನನಗೆ ಹಾಗೆ ಇಳಿದೆ ಅನ್ನುವ ಅರಿವೇ ಇರಲಿಲ್ಲ.

"ಹಾಳೇಲಿ ಭಯ ಇಲ್ಲ ಅಂತ ಬರ್ದಿದ್ದೀರ," ಎಂದಳು ಸಬೀಹಾ. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಕಾಲು ಬೇರೆ ಹೇಳ್ತಿದೆ ಅಕ್ಕ. ನಾನು ಕಾಲಿನ ಮಾತು ಕೇಳ್ತೀನಿ."

ನಾನು ತಲೆ ತಗ್ಗಿಸಿದೆ. ಯಾಕೆ ಹಾಗೆ ಬರೆದೆ ಎಂದು ಅವಳು ಕೇಳಲಿಲ್ಲ. ನನಗೇ ಹೇಳಬೇಕೆನಿಸಿತು. "ಭಯ ಇದೆ ಅಂದ್ರೆ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂದವರೆಲ್ಲ ಗೆದ್ದ ಹಾಗೆ ಆಗ್ತದೆ" ಅಂದೆ. ಅಷ್ಟು ಹೇಳುವಾಗ ಅಳು ಬಂತು. ಸಬೀಹಾ ನೀರು ಕೊಟ್ಟಳು. "ಭಯ ಇಲ್ಲದೆ ಇರೋರು ಇಲ್ಲಿ ಮೆಟ್ಟಿಲು ಹತ್ತೋದೇ ಇಲ್ಲ ಅಕ್ಕ" ಅಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೌರಿಬಿದನೂರಿನ ತನಕ ಪುಷ್ಪಕ್ಕನಿಗೆ ಏನು ಹೇಳುವುದು ಎಂದು ಯೋಚಿಸಿದೆ. ಹೇಳದೆ ಆಡಿಬಿಡಬಹುದಿತ್ತು. ಟೆಸ್ಟಿನ ಹಾಳೆ ನನ್ನ ಬ್ಯಾಗಿನಲ್ಲಿತ್ತು, ನೋಡುವವರು ಯಾರೂ ಇರಲಿಲ್ಲ. ಇಳಿದವಳೇ ನೇರ ಮೈದಾನಕ್ಕೆ ಹೋದೆ. ತಂಡದವರೆಲ್ಲ ಇದ್ದರು.

"ಪುಷ್ಪಕ್ಕ, ಈ ಸಲ ನಾನು ಆಡಲ್ಲ."

"ಏನೇ ಹಂಗಂದ್ರೆ? ಹತ್ತು ತಿಂಗಳಾಯ್ತು. ಓಡ್ತಿದ್ದೀಯ."

"ಟೆಸ್ಟಲ್ಲಿ ಪಾಸಾಗಿಲ್ಲ."

"ಅದೇನು ಎಸ್ಸೆಸ್ಸೆಲ್ಸೀನಾ ಪಾಸಾಗಕ್ಕೆ? ಕೊನೇ ಐದು ನಿಮಿಷ ಇಳಿ ಸಾಕು. ಬೋನಸ್ ಗೆರೆ ದಾಟಿ ಒಂದೆರಡು ಪಾಯಿಂಟ್ ತಗೊಂಡು ಬಾ. ಹಿಡಿಯಕ್ಕೆ ಬಿಡಬೇಡ." ಅವರ ದನಿಯಲ್ಲಿ ಬೇಡಿಕೊಳ್ಳುವ ಧಾಟಿ ಇತ್ತು. ಆ ವರ್ಷ ನಿಜಕ್ಕೂ ರೈಡರುಗಳು ಕಡಿಮೆ ಇದ್ದರು.

"ಐದು ನಿಮಿಷದಲ್ಲೇ ಹರಿದದ್ದಲ್ವಾ ಅಕ್ಕ," ಅಂದೆ. "ಆಡ್ತೀನಿ. ಆದರೆ ಐದು ನಿಮಿಷಕ್ಕೆ ಅಲ್ಲ, ಪೂರ್ತಿ ಆಡೋ ಹಾಗಾದ ಮೇಲೆ."

ಪುಷ್ಪಕ್ಕ ಮುಖ ತಿರುಗಿಸಿಕೊಂಡರು. ಆ ವರ್ಷ ನಾನು ನೀರಿನ ಬಾಟಲಿ ಹಿಡಿದು ಅಂಕಣದ ಹೊರಗೆ ಕೂತೆ. ಶಿಡ್ಲಘಟ್ಟದವರ ಕೈಲಿ ಎರಡೇ ಪಾಯಿಂಟಿನಲ್ಲಿ ಸೋತೆವು. ವಾಪಸ್ ಬರುವಾಗ ವ್ಯಾನಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನನ್ನ ಆಟದ ಬದುಕಿನಲ್ಲಿ ನಾನು ಎಷ್ಟೋ ಪಂದ್ಯ ಗೆದ್ದಿದ್ದೇನೆ, ಕಪ್ಪುಗಳೂ ಮನೆಯಲ್ಲಿವೆ. ಅವತ್ತು ಬೆಂಚಿನ ಮೇಲೆ ಕೂತದ್ದಕ್ಕೆ ಪಡುವಷ್ಟು ಹೆಮ್ಮೆಯನ್ನು ನಾನು ಅವುಗಳಲ್ಲಿ ಯಾವುದಕ್ಕೂ ಪಡುವುದಿಲ್ಲ. ಅದು ಅವತ್ತು ಗೊತ್ತಾಗಲಿಲ್ಲ, ಈಗ ಗೊತ್ತಾಗುತ್ತದೆ.

ಮುಂದಿನ ಐದು ತಿಂಗಳು ಸಬೀಹಾ ನನ್ನ ತೊಡೆಗಿಂತ ಹೆಚ್ಚಾಗಿ ನನ್ನ ಭಯಕ್ಕೆ ಕೆಲಸ ಕೊಟ್ಟಳು. ಗಿಡ್ಡ ಪೆಟ್ಟಿಗೆಯಿಂದ ಶುರು ಮಾಡಿ ಎಡಗಾಲೊಂದರಲ್ಲೇ ಇಳಿಸಿದಳು, ವಾರ ವಾರಕ್ಕೆ ಎತ್ತರ ಹೆಚ್ಚಿಸಿದಳು. ಹಾರುವಾಗ ಭುಜಕ್ಕೆ ಮೆಲ್ಲಗೆ ತಳ್ಳುತ್ತಿದ್ದಳು. ಮನೆಯಲ್ಲಿ ಅಂಗಳವೇ ಅಂಕಣ. ನಾನು ಮುಂದಕ್ಕೆ ಓಡಬೇಕು, ಧಾತ್ರಿ ಇದ್ದಕ್ಕಿದ್ದ ಹಾಗೆ "ಎಡ!" ಅಥವಾ "ಬಲ!" ಎಂದು ಕೂಗಬೇಕು, ಕೂಗಿದ ಕಡೆ ನಾನು ತಿರುಗಬೇಕು. ಮಗಳು ಬೇಕಂತಲೇ "ಎಡ, ಎಡ, ಎಡ" ಅಂತಿದ್ದಳು. ಅತ್ತೆ ಮೆಷಿನ್ ತುಳಿಯುತ್ತಲೇ, "ಬಲ ಅಂತಾನೂ ಹೇಳಮ್ಮ, ಉಸಿರು ಬಿಡ್ಲಿ" ಅಂತಿದ್ದರು. ಒಂದು ದಿನ ಯಜಮಾನರು ಕೆಲಸ ಮುಗಿಸಿ ಬಂದವರು ಟೂಲ್ ಬ್ಯಾಗ್ ಕೆಳಗಿಟ್ಟು, ಪ್ಯಾಂಟು ಮಡಚಿ, "ಬಾ, ನನ್ನ ಮುಟ್ಟು ನೋಡೋಣ" ಎಂದು ಎದುರು ನಿಂತರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಅವರು ನನ್ನ ಜೊತೆ ಕಬಡ್ಡಿ ಆಡಿದ್ದು. ಮೂರು ಸಲ ಮುಟ್ಟಿ ಬಂದೆ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ನೋಡಿ ನಕ್ಕರು. ಅವರು ನಗಲಿ ಅನ್ನಿಸಿತು.

ಹದಿನೈದನೇ ತಿಂಗಳು ಎರಡನೇ ಟೆಸ್ಟು. "ನಾನೂ ಬರ್ತೀನಿ" ಎಂದರು ಅತ್ತೆ. ಇಪ್ಪತ್ತೆರಡು ಮೆಟ್ಟಿಲನ್ನು ಸೊಂಟ ಹಿಡಿದುಕೊಂಡು ಹತ್ತಿದರು. ಸಬೀಹಾ ಮತ್ತೆ ಅದೇ ಹಾಳೆ ಕೊಟ್ಟಳು. ಈ ಸಲ ನಿಧಾನಕ್ಕೆ ಬರೆದೆ. ಭಯವಾಗುತ್ತಾ? ಸ್ವಲ್ಪ. ಮರೆತು ಆಡಬಲ್ಲಿರಾ? ಬಹಳ ಹೊತ್ತು ಮರೆತಿರಬಲ್ಲೆ, ಪೂರ್ತಿ ಅಲ್ಲ.

ಹಾರಿದೆ. ಇಳಿದೆ. ಒದ್ದೆ. ಅತ್ತೆ ಗೋಡೆಗೊರಗಿ, ನಾನು ಹಾರಿದಾಗಲೆಲ್ಲ ತಾವೇ ಹಾರಿದವರ ಹಾಗೆ ಸೆರಗು ಬಿಗಿಹಿಡಿಯುತ್ತಿದ್ದರು. ಮುಗಿದ ಮೇಲೆ ಸಬೀಹಾ ಲೆಕ್ಕ ಮಾಡಿದಳು. ಪೆನ್ನು ಕೆಳಗಿಟ್ಟಳು.

"ಒಂಬತ್ತೂವರೆ," ಅಂದಳು. "ವಿಡಿಯೋ ನೋಡಿ."

ಹೆಂಗಸು ಪೆಟ್ಟಿಗೆಯಿಂದ ಧುಮುಕಿದಳು. ಎರಡೂ ಕಾಲು ಒಂದೇ ಸಲ ನೆಲ ಮುಟ್ಟಿದವು. ಮೈ ಯಾವ ಕಡೆಗೂ ವಾಲಲಿಲ್ಲ.

"ಇನ್ನೊಂದ್ಸಲ ಹಾಕಮ್ಮ," ಎಂದರು ಅತ್ತೆ. ನೋಡಿದರು. "ಇನ್ನೊಂದ್ಸಲ." ನಾಲ್ಕು ಸಲ ಹಾಕಿಸಿಕೊಂಡು ನೋಡಿ, ಸಬೀಹಾಳ ಗಲ್ಲ ಸವರಿ ನೆಟಿಕೆ ಮುರಿದರು. ಕಾಯುವ ಬೆಂಚಿನಲ್ಲಿದ್ದ ಅಪರಿಚಿತರಿಗೆಲ್ಲ, "ನಮ್ಮ ಸೊಸೆ ಪಾಸು" ಎಂದು ಹೇಳುತ್ತಾ ಮೆಟ್ಟಿಲಿಳಿದರು.

ಸಬೀಹಾ ಹಾಳೆ ಮಡಿಸಿ ನನ್ನ ಕೈಗೆ ಕೊಡುವಾಗ, "ಸ್ವಲ್ಪ ಭಯ ಅಂತ ಬರ್ದಿದ್ದೀರಲ್ಲ, ಅದು ನನಗೆ ಒಂಬತ್ತೂವರೆಗಿಂತ ಇಷ್ಟ ಆಯ್ತು ಅಕ್ಕ" ಅಂದಳು. ಅಂದೇ ಮೈದಾನಕ್ಕೆ ಬಿಡಲಿಲ್ಲ. ಮೊದಲು ಬರೀ ಓಟ, ಆಮೇಲೆ ಮುಟ್ಟುವುದು, ಕೊನೆಗೆ ಹಿಡಿತ, ಹೀಗೆ ತಿಂಗಳುಗಟ್ಟಲೆ ಪಟ್ಟಿ ಹಾಕಿಕೊಟ್ಟಳು. ಪಟ್ಟಿಯನ್ನು ಪುಷ್ಪಕ್ಕನ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿ, ವಿಸಿಲ್ಲಿನ ದಾರಕ್ಕೆ ಸುತ್ತಿಕೊಂಡು, "ಅವತ್ತು ನಿನ್ನ ಕೈಲಿ ಐದು ನಿಮಿಷ ಆಡ್ಸಿದ್ರೆ ನಂಗೆ ನಿದ್ದೆ ಬರ್ತಿರಲಿಲ್ಲ ಕಣೇ" ಅಂದರು. ಅದು ಅವರ ಕ್ಷಮೆ. ನನಗೆ ಅಷ್ಟು ಸಾಕಿತ್ತು. ಆಮೇಲೆ ಆ ಪಟ್ಟಿಯ ಒಂದು ಗೆರೆಯನ್ನೂ ಅವರು ಹಾರಿಸಲು ಬಿಡಲಿಲ್ಲ.

ಮುಂದಿನ ಕೂಟ ಚಿಕ್ಕಬಳ್ಳಾಪುರದಲ್ಲೇ ನಡೆಯಿತು. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಸೆಮಿಫೈನಲ್‌ನಲ್ಲಿ ಶಿಡ್ಲಘಟ್ಟದವರನ್ನು ಸೋಲಿಸಿದೆವು, ಫೈನಲ್‌ನಲ್ಲಿ ಚಿಂತಾಮಣಿಯವರ ಕೈಲಿ, ಅಂದರೆ ನನ್ನ ತವರಿನವರ ಕೈಲಿ ಸೋತೆವು. ಆದರೆ ನಾನು ಬರೆಯಬೇಕೆಂದದ್ದು ಸೆಮಿಫೈನಲ್‌ನ ನನ್ನ ಮೂರನೇ ರೈಡನ್ನು.

ಶಿಡ್ಲಘಟ್ಟದವರ ಕಡೆ ಅಂಕಣದ ಮೂಲೆ ಕಾಯುವ ಕಾರ್ನರಿನಲ್ಲಿ ಮಂಜುಳಾ ಅಂತ ಇದ್ದಳು, ಅರಣ್ಯ ಇಲಾಖೆಯಲ್ಲಿ ಗಾರ್ಡು. ಕಾಲಿನ ಹರಡು ಹಿಡಿದರೆ ಬಿಡುವ ಪೈಕಿ ಅಲ್ಲ. ಮೊದಲ ರೈಡು ಖಾಲಿ ಬಂದೆ. ಎರಡನೆಯದರಲ್ಲಿ ಒಬ್ಬಳನ್ನು ಮುಟ್ಟಿ ಬಂದೆ. ಮೂರನೆಯದರಲ್ಲಿ ಒಳಕ್ಕೆ ನುಗ್ಗಿ, ಎಡಗಾಲೂರಿ ತಿರುಗಿದೆ. ಎರಡು ವರ್ಷದ ಹಿಂದೆ ಟಕ್ ಅಂದ ಅದೇ ತಿರುವು. ಕಾಲು ನಿಂತಿತು. ಅಷ್ಟರಲ್ಲಿ ಮಂಜುಳಾ ಹಾರಿ ಅದೇ ಎಡಗಾಲಿನ ಹರಡನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಂದೆಯೇ ಇನ್ನಿಬ್ಬರು ನನ್ನ ಮೇಲೆ ಬಿದ್ದರು. ದಬ್ ಅಂತ ಮಕಾಡೆ ಬಿದ್ದೆ.

ನಮ್ಮ ಬೆಂಚಿನವರೆಲ್ಲ ಎದ್ದು ನಿಂತರು. ಜನರ ಮಧ್ಯೆ ಅತ್ತೆ, ಯಜಮಾನರು, ಮಗಳು ಎಲ್ಲೋ ಇದ್ದರು, ನನಗೆ ಕಾಣಲಿಲ್ಲ. ಮಲಗಿದ್ದಲ್ಲೇ ಎಡಗಾಲನ್ನು ಮಡಿಸಿದೆ. ಚಾಚಿದೆ. ಮತ್ತೆ ಮಡಿಸಿದೆ. ಏನೂ ಆಗಿರಲಿಲ್ಲ. ಒಂದು ತರಚು ಗಾಯ, ಅಷ್ಟೇ.

ಮಂಜುಳಾಳ ಮುಖ ಬಿಳಿಚಿಕೊಂಡಿತ್ತು. ನನ್ನ ಆಪರೇಷನ್ ವಿಷಯ ಜಿಲ್ಲೆಯ ತಂಡಗಳಿಗೆಲ್ಲ ಗೊತ್ತಿತ್ತು. "ಅಕ್ಕ, ಕಾಲು?" ಅಂದಳು.

"ಏನೂ ಆಗಿಲ್ಲ ಕಣೇ. ಒಳ್ಳೆ ಹಿಡ್ತ" ಅಂದೆ.

ಅವಳು ಕೈ ಕೊಟ್ಟಳು, ಎದ್ದೆ. ಅಂಪೈರ್ ನನ್ನನ್ನು ಔಟ್ ಎಂದು ತೋರಿಸಿದರು. ಔಟಾಗಿದ್ದಕ್ಕೆ ಅಷ್ಟು ಖುಷಿಪಟ್ಟವರು ಆ ಅಂಕಣದಲ್ಲಿ ಬೇರೆ ಯಾರೂ ಇದ್ದಿರಲಾರರು. ನಗು ತಡೆಯಲಾಗದೆ ನಗುತ್ತಲೇ ಹೊರಗೆ ಹೋಗಿ ಔಟಾದವರ ಸಾಲಿನಲ್ಲಿ ಕೂತೆ. ಆಗ ಜನರ ಮಧ್ಯದಿಂದ ಅತ್ತೆಯ ದನಿ ಕೇಳಿಸಿತು: "ಲೇಚಿಂದಿ! ಎದ್ದವ್ಳೆ ನೋಡ್ರಪ್ಪಾ, ನಮ್ಮ ಶಶಿ ಎದ್ದವ್ಳೆ!"

ನಮ್ಮ ಮುಂದಿನ ರೈಡಿಗೆ ಪುಷ್ಪಕ್ಕ ಹೋದರು. ನಲವತ್ತೈದರ ಹೆಂಗಸು, ಉಸಿರು ಬಿಗಿಹಿಡಿದು, ಮಂಜುಳಾಳ ಭುಜಕ್ಕೇ ಬೆರಳು ತಾಗಿಸಿ ಗೆರೆ ದಾಟಿ ಬಂದರು. ಕಬಡ್ಡಿಯಲ್ಲಿ ನಮ್ಮವರು ಎದುರಿನವರೊಬ್ಬರನ್ನು ಔಟ್ ಮಾಡಿದರೆ ಹೊರಗೆ ಕೂತ ಒಬ್ಬರಿಗೆ ಜೀವ ಬರುತ್ತದೆ. ಅಂಪೈರ್ ನನ್ನ ಕಡೆ ಕೈ ಮಾಡಿ ಕರೆದರು. ನಾನು ಎದ್ದು ಗೆರೆಯ ಹತ್ತಿರ ಹೋದೆ. ಬಲಗಾಲಿಟ್ಟು ಒಳಗೆ ಬಾ ಎಂದು ಹೊಸ ಸೊಸೆಗೆ ಹೇಳುವ ಊರು ನಮ್ಮದು. ನಾನು ಎಡಗಾಲನ್ನೇ ಮೊದಲಿಟ್ಟು ಅಂಕಣದೊಳಗೆ ಹೋದೆ.